ಕ್ರಿಯಾಪದ ಇರುವುದೆಲ್ಲಿ?

ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಹುಡುಕುವುದಕ್ಕೆ ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಹೇಳಿಕೊಡುವ ಸೂತ್ರ ಒಂದೇ: ಕೆಲಸವನ್ನು ಹೇಳುವ ಪದವೇ ಕ್ರಿಯಾಪದ. ಈ ಸೂತ್ರವನ್ನು ಕೈಬಿಡುವುದೇ ಮೇಲು ಎಂಬುದು ನನ್ನ ವಾದ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ದಿನವಿಡೀ ನಡೆಯುವ ‘ಮೀಟಿಂಗ್’ ಕೆಲಸವಲ್ಲವೇ? (ಅಲ್ಲ ಎನ್ನುವವರೂ ಉಂಟು, ಇರಲಿ.) ವ್ಯಾಕರಣಕ್ಕೆ ಅದು ನಾಮಪದ. ‘ಶಿ ಈಸ್ ಟಾಲ್’ ಎಂಬಲ್ಲಿ ಯಾರೂ ಏನೂ ಮಾಡುತ್ತಿಲ್ಲ. ಆದರೂ ‘ಈಸ್’ ಕ್ರಿಯಾಪದ. ಅದೇ ಮಾತನ್ನು ಕನ್ನಡದಲ್ಲಿ ‘ಅವಳು ಎತ್ತರ’ ಎಂದು ಕ್ರಿಯಾಪದವೇ ಇಲ್ಲದೆ ಹೇಳಿ ಮುಗಿಸುತ್ತೇವೆ. ಅವಳ ಎತ್ತರವೇನೂ ಇದರಿಂದ ಬದಲಾಗಲಿಲ್ಲ. ಅಂದಮೇಲೆ ಕ್ರಿಯಾಪದ ಲೋಕದಲ್ಲಿರುವ ವಸ್ತುವಲ್ಲ, ಆಯಾ ಭಾಷೆ ಮಾಡಿಕೊಂಡ ಏರ್ಪಾಡು.

ಕಾಡುಗೋಡಿಯ ಕಡೆ ಕನ್ನಡ ಮಾಧ್ಯಮದ ಮಗುವೊಂದು ‘ದೇ ಬುಕ್ ಎ ಕ್ಯಾಬ್ ಎವ್ರಿ ಡೇ’ ಎಂಬ ವಾಕ್ಯದ ಮುಂದೆ ಕುಳಿತಿದೆ ಎನ್ನಿ. ಪೆನ್ಸಿಲ್ ಮೊದಲು ಹೋಗುವುದು ಕೊನೆಯ ಪದದತ್ತ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಇರುವುದೇ ಅಲ್ಲಿ. ‘ಬುಕ್’ ಎಂದರೆ ಚೀಲದಲ್ಲಿರುವ ಪುಸ್ತಕ, ಅದನ್ನು ಅನುಮಾನಿಸುವ ಪ್ರಶ್ನೆಯೇ ಇಲ್ಲ. ಮಗು ದಡ್ಡತನದಿಂದ ಎಡವುತ್ತಿಲ್ಲ. ಅದರ ಭಾಷೆಯಲ್ಲಿ ಕ್ರಿಯಾಪದ ಬಸ್ ಕಂಡಕ್ಟರ್ ಹಾಗೆ ಖಾಕಿ ತೊಟ್ಟೇ ಬರುತ್ತದೆ: ‘ಬರೆದಳು’, ‘ಬರೆಯುತ್ತಾರೆ’, ‘ಬರೆಯುವೆನು’. ಕಾಲ, ವಚನ, ಪುರುಷಗಳನ್ನು, ಹಲವೆಡೆ ಲಿಂಗವನ್ನೂ ಬಾಲವೇ ಹೇಳಿಬಿಡುತ್ತದೆ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಧಾತು, ಆಖ್ಯಾತ ಪ್ರತ್ಯಯ ಎಂದು ಬಿಡಿಸಿ ತೋರಿಸಿದ್ದು ಈ ಬಾಲಗಳನ್ನೇ. ಇಂಗ್ಲಿಷ್ ಕ್ರಿಯಾಪದ ಹೆಚ್ಚಾಗಿ ಮಫ್ತಿಯಲ್ಲಿ ಓಡಾಡುತ್ತದೆ. ನಿಂತ ಜಾಗದಿಂದಲೇ ಅದನ್ನು ಹಿಡಿಯಬೇಕು.

ಹಿಡಿಯುವುದಕ್ಕೆ ಒಂದು ಉಪಾಯವಿದೆ. ವಾಕ್ಯವನ್ನು ನಿನ್ನೆಗೆ ತಳ್ಳಿ ನೋಡುವುದು. ‘ಯೆಸ್ಟರ್‌ಡೇ ದೇ ಬುಕ್ಡ್ ಎ ಕ್ಯಾಬ್’: ‘ಕ್ಯಾಬ್’ ಅಲುಗಲಿಲ್ಲ, ‘ಬುಕ್’ ರೂಪ ಬದಲಿಸಿತು, ಸಿಕ್ಕಿಬಿತ್ತು. ‘ದ ರನ್ನಿಂಗ್ ಬಸ್ ಸ್ಟಾಪ್ಸ್’ ಎಂಬಲ್ಲಿ ಓಟವನ್ನು ಹೇಳುವ ‘ರನ್ನಿಂಗ್’ ಹಾಗೇ ಉಳಿದು ‘ಸ್ಟಾಪ್ಸ್’ ಮಾತ್ರ ‘ಸ್ಟಾಪ್ಡ್’ ಆಗುತ್ತದೆ. ‘ಪುಟ್’, ‘ಕಟ್’, ‘ಶಟ್’ ಈ ಉಪಾಯಕ್ಕೆ ಬಗ್ಗುವುದಿಲ್ಲ, ನಿನ್ನೆಯೂ ಇವತ್ತೂ ಅವಕ್ಕೆ ಒಂದೇ. ಆಗ ‘ಐ’ ತೆಗೆದು ‘ಹಿ’ ಹಾಕಿದರೆ ‘ಪುಟ್ಸ್’ ಎಂದು ಹೊರಬೀಳುತ್ತದೆ. ಅರ್ಥವನ್ನು ಧ್ಯಾನಿಸುವುದಕ್ಕಿಂತ ವಾಕ್ಯವನ್ನು ಹೀಗೆ ಅಲುಗಾಡಿಸುವುದು ಮೇಲು.

ಹಾಗಾದರೆ ಅರ್ಥಕ್ಕೆ ಬೆಲೆಯೇ ಇಲ್ಲವೇ? ಇದೆ, ಆದರೆ ಶಾಲೆಯ ಸೂತ್ರ ಹೇಳುವಷ್ಟು ಸರಳವಾಗಿಲ್ಲ. ‘ನಿರುಕ್ತ’ದ ಯಾಸ್ಕ ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತ ಎಂದು ನಾಲ್ಕಾಗಿ ವಿಂಗಡಿಸುವಾಗಲೇ ಈ ತೊಡಕನ್ನು ಕಂಡಿದ್ದ. ಆಗುತ್ತಿರುವುದನ್ನು ಹೇಳುವುದು ಆಖ್ಯಾತ. ಅದೇ ಕ್ರಿಯೆಯನ್ನು ಆದಿಯಿಂದ ಅಂತ್ಯದವರೆಗೆ ಒಂದು ಮುದ್ದೆಯಾಗಿ ಹಿಡಿದರೆ ‘ನಡಿಗೆ’, ‘ಅಡುಗೆ’ಗಳಂಥ ನಾಮ. ಎಂದರೆ ನಾಮ, ಕ್ರಿಯೆಗಳ ಭೇದ ಹೇಳುವ ಸಂಗತಿಯಲ್ಲಿಲ್ಲ, ಅದನ್ನು ಹಿಡಿಯುವ ರೀತಿಯಲ್ಲಿದೆ. ‘ಮೀಟಿಂಗ್’ ಅಂಥದೊಂದು ಮುದ್ದೆ.

ಇಂಗ್ಲಿಷಿನ ಎಂಟು ‘ಪಾರ್ಟ್ಸ್ ಆಫ್ ಸ್ಪೀಚ್’ ಅಂತೂ ಇಂಗ್ಲಿಷನ್ನು ನೋಡಿ ಮಾಡಿದ ಪಟ್ಟಿಯೇ ಅಲ್ಲ. ಗ್ರೀಕರು ಎಂಟು ಎಂದರು. ಲ್ಯಾಟಿನ್‌ನಲ್ಲಿ ಆರ್ಟಿಕಲ್ ಇರಲಿಲ್ಲ, ಅದನ್ನು ಬಿಟ್ಟು ಉದ್ಗಾರವಾಚಕ ಸೇರಿಸಿ ಎಂಟೇ ಉಳಿಸಿಕೊಂಡರು. ಇಂಗ್ಲಿಷಿಗೆ ಬರುವಾಗ ಪಾರ್ಟಿಸಿಪಲ್ ಹೋಗಿ, ನಾಮದೊಳಗೇ ಅಡಗಿದ್ದ ಗುಣವಾಚಕ ಹೊರಬಂತು. ಒಳಗಿನವರು ಬದಲಾದರೂ ಲೆಕ್ಕ ಬದಲಾಗಲಿಲ್ಲ. ಕನ್ನಡವನ್ನು ಸಂಸ್ಕೃತದ ಅಚ್ಚಿಗೆ ಸುರಿಯಬಾರದು ಎಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥದೇ ಅಭ್ಯಾಸದ ವಿರುದ್ಧ.

ವೈಟ್‌ಫೀಲ್ಡಿನ ಕನ್ನಡವನ್ನೇ ಕೇಳಿ. ‘ಡಿಪ್ಲಾಯ್ ಮಾಡಿದ್ವಿ’, ‘ಫಿಕ್ಸ್ ಆಯ್ತಾ?’, ‘ಕಾಲ್ ಮಾಡ್ತೀನಿ’, ‘ಬ್ಯುಸಿ ಆಗ್ಬಿಟ್ರು’. ಇಂಗ್ಲಿಷಿನಲ್ಲಿ ಕ್ರಿಯಾಪದವೋ ನಾಮಪದವೋ ಗುಣವಾಚಕವೋ ಎಂದು ಕನ್ನಡ ವಿಚಾರಿಸುವುದಿಲ್ಲ. ಹಳೆಯ ದರ್ಜೆಯನ್ನು ಬಾಗಿಲಲ್ಲೇ ಕಳಚಿಸಿ ‘ಮಾಡು’, ‘ಆಗು’ಗಳ ಕೈಗೆ ಒಪ್ಪಿಸುತ್ತದೆ. ಸಂಸ್ಕೃತದ ಪದಕ್ಕಾದರೆ ‘ಇಸು’ ಹಚ್ಚಿ ‘ಭಾವಿಸು’, ‘ಆರಂಭಿಸು’ ಎಂದೆವು, ‘ಖರೀದಿ’ಗೂ ‘ಖರೀದಿಸು’ ಆಯಿತು. ಇಂಗ್ಲಿಷಿಗೆ ಆ ಸಲುಗೆ ಸಿಕ್ಕಿದ್ದು ಅಪರೂಪ. ಕ್ಯಾಬಿನಲ್ಲಿ ಕುಳಿತು ಹೀಗೆ ಮಾತಾಡುವವರು ಯಾರೂ ಪದವರ್ಗ ಯೋಚಿಸಿ ಮಾತಾಡುವುದಿಲ್ಲ, ತಪ್ಪುವುದೂ ಇಲ್ಲ.

ಹಾಗೆಂದು ವ್ಯಾಕರಣವೇ ಬೇಡ ಎನ್ನಲಾಗದು. 1882ರಲ್ಲಿ ಚಾಮರಾಜ ಒಡೆಯರ್ ಕೊಟ್ಟ ನೆಲದಲ್ಲಿ ವೈಟ್‌ಫೀಲ್ಡ್ ಕಟ್ಟಿಕೊಂಡ ಆಂಗ್ಲೋ ಇಂಡಿಯನ್ನರಿಗೆ ಇಂಗ್ಲಿಷ್ ಮನೆಮಾತು, ಮಾತಾಡಲು ಅವರು ಕ್ರಿಯಾಪದ ಹುಡುಕಬೇಕಿರಲಿಲ್ಲ. ಇವತ್ತು ಅದೇ ಊರಲ್ಲಿ ಹೊರಗಿನಿಂದ ಇಂಗ್ಲಿಷಿನೊಳಕ್ಕೆ ಬರುವ ಮಗುವಿಗೆ ಹುಡುಕದೆ ದಾರಿಯಿಲ್ಲ. ಅದಕ್ಕೇ ಪ್ರಶ್ನೆಯನ್ನು ತಿದ್ದಬೇಕು ಎನ್ನುವುದು. ‘ಲೈಟ್’, ‘ವಾಟರ್’, ‘ರೌಂಡ್’ ಎಂದು ಬಿಡಿಪದ ಕೊಟ್ಟು ಇದು ಯಾವ ಪದವರ್ಗ ಎಂದು ಕೇಳುವ ಪ್ರಶ್ನೆಗೆ ಉತ್ತರವೇ ಇಲ್ಲ. ‘ರೌಂಡ್’ ಒಂದೇ ನಾಮ, ಗುಣವಾಚಕ, ಕ್ರಿಯೆ, ಪ್ರಿಪೊಸಿಷನ್ ನಾಲ್ಕೂ ಆಗಬಲ್ಲದು. ಅಲ್ಲಿ ಜಾಗ ಖಾಲಿ ಬಿಟ್ಟ ಮಗುವಿನ ಅಂಕ ಕಳೆಯಲು ಯಾವ ವ್ಯಾಕರಣದ ಆಧಾರವಿದೆ?