ಯಾರ ನಿಧಾನಕ್ಕೆ ಯಾರು ಕಾಯಬೇಕು?

ಭಾನುವಾರ ರಾತ್ರಿ ಒಂಬತ್ತೂವರೆಗೆ ನಾವು ನಾಲ್ವರು ಹಳೆಯ ಹಾಸ್ಟೆಲ್ ಗೆಳೆಯರು ಆನ್‌ಲೈನ್‌ನಲ್ಲಿ ಸೇರಿ ‘ಏಜ್ ಆಫ್ ಎಂಪೈರ್ಸ್ 2’ ಆಡುತ್ತಿದ್ದೆವು. ಇಬ್ಬರು ಬೆಂಗಳೂರಿನಲ್ಲಿ, ಒಬ್ಬ ಫ್ರಾಂಕ್‌ಫರ್ಟ್‌ನಲ್ಲಿ, ಇನ್ನೊಬ್ಬ ಶಿರಸಿಯ ಆಚೆಗಿನ ಹಳ್ಳಿಯ ತನ್ನ ಮನೆಯಲ್ಲಿ. ಮಳೆಗಾಲ ಹಿಡಿದ ಮೇಲೆ ಆಟಕ್ಕಿಂತ ಹೆಚ್ಚು ಹೊತ್ತು ‘ಕೇಳಿಸ್ತಾ ಇದೆಯೇನೋ?’, ‘ರೂಟರ್ ಆಫ್ ಮಾಡಿ ಆನ್ ಮಾಡು’ ಎನ್ನುವುದರಲ್ಲೇ ಹೋಗುತ್ತಿತ್ತು.

ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದೆವು. ಶಿರಸಿಯವನು ವೈಫೈ ಬಿಟ್ಟು ಕೇಬಲ್ ಎಳೆದ, ಹಿನ್ನೆಲೆಯಲ್ಲಿ ಇಳಿಯುತ್ತಿದ್ದ ಅಪ್‌ಡೇಟ್‌ಗಳನ್ನು ನಿಲ್ಲಿಸಿದ, ಕರೆಂಟ್ ಹೋದರೂ ಇರಲಿ ಎಂದು ರೂಟರಿಗೊಂದು ಸಣ್ಣ ಯುಪಿಎಸ್ ತಂದ. ಸ್ವಲ್ಪ ಸುಧಾರಿಸಿತು. ಜೋರು ಮಳೆ ಬಂದರೆ ಮತ್ತೆ ಅದೇ ಕತೆ.

ವಿಚಿತ್ರವೆಂದರೆ ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಫ್ರಾಂಕ್‌ಫರ್ಟಿನವನಿಂದ ತೊಂದರೆಯೇ ಇರಲಿಲ್ಲ. ಈ ಆಟ ಬಂದದ್ದು 1999ರಲ್ಲಿ, ಡಯಲ್-ಅಪ್ ಮೋಡೆಮ್‌ಗಳ ಕಾಲದಲ್ಲಿ. ನೂರಾರು ಸೈನಿಕರು ಎಲ್ಲೆಲ್ಲಿದ್ದಾರೆಂದು ಕ್ಷಣಕ್ಷಣಕ್ಕೂ ಕಳುಹಿಸುವಷ್ಟು ಜಾಗ ಆ ತಂತಿಗಳಲ್ಲಿರಲಿಲ್ಲ. ಹಾಗಾಗಿ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇಡೀ ಯುದ್ಧ ಬೇರೆಬೇರೆಯಾಗಿ ನಡೆಯುತ್ತದೆ. ನಡುವೆ ಓಡಾಡುವುದು ಆಟಗಾರರ ಆಜ್ಞೆಗಳು ಮಾತ್ರ. ಎಲ್ಲೆಡೆ ಒಂದೇ ಯುದ್ಧ ನಡೆಯಬೇಕಾದರೆ ಎಲ್ಲರ ಆಜ್ಞೆಯೂ ಎಲ್ಲರಿಗೂ ತಲುಪಿದ ಮೇಲೆಯೇ ಮುಂದಿನ ಹೆಜ್ಜೆ. ಒಬ್ಬನದು ತಡವಾದರೆ ಎಲ್ಲರ ಕುದುರೆಗಳೂ ನಿಂತಲ್ಲೇ ನಿಲ್ಲುತ್ತವೆ. ಇದನ್ನು ರೂಪಿಸಿದ ಮಾರ್ಕ್ ಟೆರಾನೊ ಮತ್ತು ಪಾಲ್ ಬೆಟ್ನರ್ 2001ರ ಲೇಖನವೊಂದರಲ್ಲಿ ಇದನ್ನು ವಿವರಿಸಿದ್ದಾರೆ: ತಡ ಒಂದೇ ಸಮನಾಗಿದ್ದರೆ ಆಟಗಾರರು ಹೊಂದಿಕೊಳ್ಳುತ್ತಾರೆ; ಒಮ್ಮೆ ಬೇಗ, ಒಮ್ಮೆ ತಡ ಎಂದಾದರೆ ಸಹಿಸುವುದಿಲ್ಲ. ಫ್ರಾಂಕ್‌ಫರ್ಟಿನದು ಒಂದೇ ಸಮನಾದ ತಡ. ಶಿರಸಿಯದು ಮಳೆಯ ಮರ್ಜಿ.

‘ಹಾಗಾದರೆ ಕೌಂಟರ್-ಸ್ಟ್ರೈಕ್ ಆಡೋಣ, ಅಲ್ಲಿ ಯಾರೂ ಯಾರಿಗೂ ಕಾಯಬೇಕಾಗಿಲ್ಲ’ ಎಂದವನು ನಾನೇ. ಅಲ್ಲಿ ಆಟ ನಡೆಯುವುದು ಸರ್ವರಿನಲ್ಲಿ, ಅದು ಯಾರಿಗೂ ನಿಲ್ಲುವುದಿಲ್ಲ. ಗುಂಡು ಹಾರಿಸಿದವನ ತಡವನ್ನು ಲೆಕ್ಕಕ್ಕೆ ಹಿಡಿದು, ಆ ಕ್ಷಣಕ್ಕೆ ಅವನ ಪರದೆಯಲ್ಲಿ ಎದುರಾಳಿ ಎಲ್ಲಿದ್ದ ಎಂದು ಕಾಲವನ್ನು ತುಸು ಹಿಂದಕ್ಕೆ ತಿರುಗಿಸಿ ನೋಡುವಷ್ಟು ದಯೆ ಅದಕ್ಕೂ ಇದೆ. ಆದರೆ ಸಂಪರ್ಕವೇ ಕಡಿದವನು ಗೊಂಬೆಯಂತೆ ನಿಂತುಬಿಡುತ್ತಾನೆ, ಯಾರೋ ಬಂದು ಹೊಡೆದು ಹೋಗುತ್ತಾರೆ. ನಮ್ಮ ಗೆಳೆಯ ಹಾಗೆ ನಿಂತು ಸಾಯುತ್ತಿದ್ದ. ಮೊದಮೊದಲು ಅವನೂ ನಗುತ್ತಿದ್ದ. ಮೂರನೆಯ ವಾರ, ‘ಅಡಿಕೆಗೆ ಮದ್ದು ಹೊಡೆಸೋದಿದೆ ಮಾರಾಯ, ನೀವು ಆಡಿ’ ಎಂದ. ರಾತ್ರಿ ಒಂಬತ್ತೂವರೆಗೆ ಯಾರೂ ಅಡಿಕೆಗೆ ಮದ್ದು ಹೊಡೆಸುವುದಿಲ್ಲ.

ನಾವು ಮಾಡಿದ್ದು ತಪ್ಪೇ? ‘ಒಬ್ಬನಿಗಾಗಿ ಮೂವರ ಸಂಜೆ ಹಾಳಾಗಬೇಕಾ?’ ಎನ್ನುತ್ತಾನೆ ಫ್ರಾಂಕ್‌ಫರ್ಟಿನವನು. ತಳ್ಳಿಹಾಕುವ ಮಾತಲ್ಲ ಅದು. ವಾರವಿಡೀ ದುಡಿದವನಿಗೆ ಅವನ ಎರಡು ಗಂಟೆಯೂ ದೊಡ್ಡದೇ. ಕಾಯುವುದಕ್ಕೆ ಮಿತಿಯಿದೆ ಎಂದು ನಾನೂ ಒಪ್ಪುತ್ತೇನೆ. ನನ್ನನ್ನು ಕಾಡುವುದು ಬೇರೆ. ಎರಡೂ ಆಟಗಳಲ್ಲಿ ಮಳೆ ಒಂದೇ, ನೆಟ್‌ವರ್ಕ್ ಒಂದೇ. ಬದಲಾದದ್ದು ಆ ನಷ್ಟವನ್ನು ಯಾರು ಹೊರಬೇಕೆನ್ನುವುದು ಮಾತ್ರ. ಮೊದಲು ನಾಲ್ವರೂ ಹಂಚಿಕೊಂಡಿದ್ದನ್ನು ಅವನೊಬ್ಬನ ತಲೆಗೆ ಕಟ್ಟಿದೆವು. ‘ನಮಗೆ ಕಾದು ಸಾಕಾಗಿದೆ ಕಣೋ’ ಎಂದು ಮುಖಕ್ಕೆ ಹೇಳಿದ್ದರೆ ಅವನು ಜಗಳವಾಡಬಹುದಿತ್ತು, ಮಳೆ ಬಿಟ್ಟ ವಾರ ಬರುತ್ತೇನೆ ಎನ್ನಬಹುದಿತ್ತು. ಹೇಳುವ ಧೈರ್ಯವಿಲ್ಲದೆ, ನಮ್ಮ ಪರವಾಗಿ ಹೇಳಿಬಿಡುವ ನಿಯಮವೊಂದನ್ನು ಆರಿಸಿಕೊಂಡೆವು. ನಿಯಮ ಎಲ್ಲರಿಗೂ ಒಂದೇ ತಾನೇ ಎಂದು ಸಮಾಧಾನವನ್ನೂ ಪಟ್ಟೆವು. ಅಪರಿಚಿತರ ಮೇಲೆ ಸರ್ವರು ಈ ನಿಯಮ ಹೇರಿದರೆ ನನ್ನ ತಕರಾರಿಲ್ಲ. ಯಾರ ಊರಿನಲ್ಲಿ ಮಳೆ ಎಂದು ಅದಕ್ಕೇನು ಗೊತ್ತು? ನಮಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿದ್ದಾಗ ನಾಲ್ಕು ಮಳೆಗಾಲ ಅವನ ಮನೆಗೆ ಹೋಗಿ ಹಲಸಿನ ಹಪ್ಪಳ ತಿಂದು ಬಂದವರು ನಾವು.

ಮೊನ್ನೆ ಫೋನ್ ಮಾಡಿ ‘ಮದ್ದು ಹೊಡೆಸಿ ಮುಗೀತಾ?’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ನೆಟ್‌ವರ್ಕಿನ ತಡವೋ, ಅವನದೋ ತಿಳಿಯಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿ, ಇಬ್ಬರೂ ಒಟ್ಟಿಗೇ ನಿಲ್ಲಿಸಿದೆವು. ಬರುವ ಭಾನುವಾರ ಹಳೇ ಆಟವನ್ನೇ ಆಡೋಣವೆಂದು ಗ್ರೂಪಿನಲ್ಲಿ ಹಾಕಿದ್ದೇನೆ. ಫ್ರಾಂಕ್‌ಫರ್ಟಿನವನು ನೋಡಿದ್ದಾನೆ, ಇನ್ನೂ ಉತ್ತರಿಸಿಲ್ಲ.