ಪರಸ್ಥಳದಲ್ಲಿ ಪ್ರಸಾದನಿಷ್ಠೆ



ಸ್ವಗೃಹದಲ್ಲಿ ಆಹಾರನಿಯಮವನ್ನು ಪಾಲಿಸುವುದು ಕಷ್ಟವಲ್ಲ. ಒಲೆ ನಮ್ಮದು, ಪಾತ್ರೆ ನಮ್ಮದು, ಅಡಿಗೆ ಮಾಡುವವರೂ ನಮ್ಮವರು. ಲಿಂಗಪೂಜೆ ಮುಗಿಯುವಷ್ಟರಲ್ಲಿ ಎಡೆ ಸಿದ್ಧವಾಗಿರುತ್ತದೆ. ನಿಯಮಕ್ಕೆ ಪರೀಕ್ಷೆಯೊದಗುವುದು ಊರ ಗಡಿಯನ್ನು ದಾಟಿದ ಮೇಲೆ. ವ್ಯಾಪಾರಕ್ಕೋ, ನೌಕರಿಗೋ, ಕ್ಷೇತ್ರದರ್ಶನಕ್ಕೋ ಹೊರಟ ಗೃಹಸ್ಥನು ಅಪರಿಚಿತವಾದ ಹಳ್ಳಿಯಲ್ಲಿ ಹಸಿದು ನಿಂತಾಗ ಎರಡು ಪ್ರಶ್ನೆಗಳು ಏಳುತ್ತವೆ. ನನಗೆ ಸಲ್ಲುವ ಊಟ ಇಲ್ಲಿ ಎಲ್ಲಿ ದೊರೆತೀತು? ದೊರೆತುದನ್ನು ಯಾವ ಮನಸ್ಸಿನಿಂದ ಸ್ವೀಕರಿಸಬೇಕು? ಮೊದಲನೆಯದು ಹೊಟ್ಟೆಯ ಪ್ರಶ್ನೆ, ಎರಡನೆಯದು ಧರ್ಮದ ಪ್ರಶ್ನೆ.

ಮೊದಲನೆಯದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಬುತ್ತಿ. ಉತ್ತರ ಕರ್ನಾಟಕದ ತಾಯಂದಿರು ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಗರಿಗರಿಯಾಗುವಂತೆ ಒಣಗಿಸುತ್ತಾರೆ. ನೀರಿನ ಪಸೆ ಉಳಿಯದ ಈ ಕಟಕ ರೊಟ್ಟಿ ಬೂಷ್ಟು ಹಿಡಿಯದೆ ವಾರಗಟ್ಟಲೆ ಬಾಳುತ್ತದೆ. ಅದರೊಡನೆ ಶೇಂಗಾ, ಗುರೆಳ್ಳು, ಅಗಸಿಯ ಚಟ್ನಿಪುಡಿಯ ಗಂಟು. ಹೋದ ಊರಿನಲ್ಲಿ ಒಂದು ಉಳ್ಳಾಗಡ್ಡಿ, ಒಂದಿಷ್ಟು ಮೊಸರು ದೊರೆತರೆ ಪೂರ್ಣವಾದ ಊಟ. ಅವಲಕ್ಕಿ, ಹುರಿಗಡಲೆ, ಬೆಲ್ಲಗಳೂ ಹೀಗೆಯೇ ದಾರಿಯ ಮಿತ್ರರು. ಯುಗಾದಿಗೆ ಮುನ್ನ ವಿಜಯಪುರ, ಬಾಗಲಕೋಟೆ, ಬೆಳಗಾವಿ ಸೀಮೆಗಳಿಂದ ಶ್ರೀಶೈಲಕ್ಕೆ ನಡೆದು ಹೋಗುವ ಭಕ್ತರು ನಲ್ಲಮಲೆಯ ಕಾಡನ್ನು ದಾಟುವುದು ಈ ಬುತ್ತಿಯ ಬಲದಿಂದ ಮತ್ತು ದಾರಿಯ ಹಳ್ಳಿಗರು ನಡೆಸುವ ದಾಸೋಹದ ಬಲದಿಂದ. ಬುತ್ತಿ ಕಟ್ಟಿಕೊಂಡವನು ನಿಯಮದ ಭಾರವನ್ನು ತಾನೇ ಹೊರುತ್ತಾನೆ. ಬರಿಗೈಯಲ್ಲಿ ಹೊರಟವನು ಅದನ್ನು ಕಂಡವರ ಮೇಲೆ ಹೇರುತ್ತಾನೆ.

ಬುತ್ತಿ ತೀರಿದ ಮೇಲೆ ಕೇಳಿ ಉಣ್ಣಬೇಕಾಗುತ್ತದೆ. ಕೇಳುವುದರಲ್ಲಿ ಸಂಕೋಚ ಬೇಡ, ಆದರೆ ವಿವರವಿರಲಿ. ಕರಾವಳಿಯ ಅನೇಕ ಮನೆಗಳಲ್ಲಿ ಮೀನು ನಿತ್ಯದ ಪದಾರ್ಥ. ಬಂಗಾಲಿ ನುಡಿಯಲ್ಲಿ ಮಾಂಸವೆಂಬ ಶಬ್ದದೊಳಗೆ ಮೀನು ಸೇರುವುದಿಲ್ಲ. ಆದಕಾರಣ “ಮಾಂಸವಿಲ್ಲವಷ್ಟೆ?” ಎಂದು ಕೇಳಿದರೆ ಸಾಲದು; ಮೀನು, ಒಣಮೀನು, ಮೊಟ್ಟೆ ಎಂದು ಒಂದೊಂದನ್ನೂ ಹೆಸರಿಸಿ ಕೇಳಬೇಕು. ತೆಲುಗು ನಾಡಿನಲ್ಲಿ ‘ಶಾಕಾಹಾರಂ’ ಎಂದರೆ ತಿಳಿಯುತ್ತದೆ. ತಮಿಳು ನಾಡಿನಲ್ಲಂತೂ ಸಸ್ಯಾಹಾರಕ್ಕೆ ‘ಸೈವಂ’ ಎಂದೇ ಹೆಸರು. ಶೈವ ಎಂಬ ಮಾತೇ ಅಲ್ಲಿ ಊಟದ ಹೆಸರಾಗಿ ನಿಂತಿದೆ. ಅಂಗಡಿಯ ಪೊಟ್ಟಣಗಳ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿಕೊಳ್ಳಬಹುದು. ಏನೂ ಇಲ್ಲದ ಕಡೆ ಹಾಲು, ಮಜ್ಜಿಗೆ, ಬಾಳೆಯ ಹಣ್ಣುಗಳಿಂದ ಒಂದು ಹೊತ್ತನ್ನು ಕಳೆದರೆ ಹಾನಿಯಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಅಡಿಗೆಯಲ್ಲಿ ಏನಿದೆಯೆಂದು ಕೇಳುವ ಹಕ್ಕು ವ್ರತಧಾರಿಗೆ ಉಂಟು. ಅಡಿಗೆ ಮಾಡಿದವರು ಯಾರು, ಅವರ ಕುಲ ಯಾವುದು ಎಂದು ಕೇಳುವ ಹಕ್ಕು ಶರಣಮಾರ್ಗದಲ್ಲಿ ನಡೆಯುವವನಿಗೆ ಇಲ್ಲ. ಈ ಎರಡು ಪ್ರಶ್ನೆಗಳ ನಡುವಿನ ಗೆರೆ ತೆಳುವಾದುದು. ಸಸ್ಯಾಹಾರದ ಹೆಸರಿನಲ್ಲಿ ಜಾತಿಯನ್ನು ವಿಚಾರಿಸುವ ಚಾತುರ್ಯ ನಮ್ಮಲ್ಲಿ ಹಲವರಿಗೆ ಅಭ್ಯಾಸವಾಗಿದೆ. ಬಾಯಿಯಲ್ಲಿ “ಸಾರಿನಲ್ಲಿ ಏನು ಹಾಕಿದ್ದೀರಿ?” ಎಂಬ ಮಾತಿದ್ದರೂ ಕಣ್ಣು ಮನೆಯ ಕೇರಿಯನ್ನು ಅಳೆಯುತ್ತಿರುತ್ತದೆ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಅಸ್ಪೃಶ್ಯರೆನಿಸಿದ್ದ ಶಿವನಾಗಮಯ್ಯನವರ ಮನೆಯಲ್ಲಿ ಪ್ರಸಾದ ಸ್ವೀಕರಿಸಿದರೆಂಬ ಕಥೆಯನ್ನು ನಾವು ಪುರಾಣದಲ್ಲಿ ಭಕ್ತಿಯಿಂದ ಕೇಳುತ್ತೇವೆ. ಕೇಳಿ ಎದ್ದವರು ಮರುದಿನವೇ ದಾರಿಯ ಗುಡಿಸಲಿನವರು ಕೊಟ್ಟ ನೀರನ್ನು ನಿರಾಕರಿಸಿದರೆ ಆ ಶ್ರವಣದಿಂದ ಬಂದ ಫಲವೇನು?

“ಮಾಂಸ ಬೇಯಿಸುವ ಮನೆಯಲ್ಲಿ ಉಂಡರೆ ಆಚಾರ ಉಳಿದೀತೆ?” ಎಂದು ಕೆಲವರು ಶಂಕಿಸಬಹುದು. ಶಂಕೆ ನ್ಯಾಯವಾದುದೇ. ಅಂಥಲ್ಲಿ “ತಾಯಿ, ನನಗೆ ಹೀಗೊಂದು ವ್ರತವಿದೆ, ತೊಳೆದ ಪಾತ್ರೆಯಲ್ಲಿ ಒಂದು ಹಿಡಿ ಅಕ್ಕಿ ಬೇಯಿಸಿಕೊಟ್ಟರೆ ಸಾಕು” ಎಂದು ವಿನಯದಿಂದ ಬೇಡಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಹಣ್ಣನ್ನೋ ಹಾಲನ್ನೋ ಕೈಯೊಡ್ಡಿ ತೆಗೆದುಕೊಳ್ಳಬಹುದು. ಮೂಗು ಮುರಿಯಬಾರದು, ಅವರ ತಟ್ಟೆಯನ್ನು ಹಳಿಯಬಾರದು. ಕಡಲ ದಂಡೆಯವನಿಗೆ ಮೀನೇ ಕಾಯಕ, ಮೀನೇ ಅನ್ನ. ವ್ರತವು ನಮ್ಮ ನಾಲಗೆಗೆ ನಾವು ಹಾಕಿಕೊಂಡ ಕಟ್ಟು. ಅದರಿಂದ ಇನ್ನೊಬ್ಬರ ಮನಸ್ಸನ್ನು ಹೊಡೆದರೆ, ಪ್ರಾಣಿಯನ್ನು ನೋಯಿಸಲೊಲ್ಲದವನು ಮನುಷ್ಯನನ್ನು ನೋಯಿಸಿದಂತಾಯಿತು. ಕೊಟ್ಟದ್ದು ಪದಾರ್ಥ, ಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಆ ಪರಿವರ್ತನೆಯನ್ನು ಮಾಡುವುದು ಅರ್ಪಿಸುವವನ ಭಾವ. ಕೊಟ್ಟವರ ಕುಲಕ್ಕೆ ಅದರಲ್ಲಿ ಪ್ರವೇಶವೇ ಇಲ್ಲ.

ಕೇಳುವಾಗ ಮಿತಿಯೂ ಇರಬೇಕು. ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಬಡವರ ಮನೆಯಲ್ಲಿ ಉಣ್ಣುವ ಪ್ರಯಾಣಿಕನು ಇದನ್ನು ನೆನೆದು ಒಂದು ತುತ್ತನ್ನು ಕಡಿಮೆ ಬೇಡಲಿ.

ಇಷ್ಟು ಉಣ್ಣುವವನ ಧರ್ಮವಾಯಿತು. ಉಣಿಸುವವನ ಧರ್ಮ ಇದಕ್ಕಿಂತ ದೊಡ್ಡದು. ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಜಾತಿಮತಗಳನ್ನೆಣಿಸದೆ ಸಹಸ್ರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತರು. ಅಷ್ಟು ದೊಡ್ಡ ಒಲೆ ನಮ್ಮ ಮನೆಗಳಲ್ಲಿ ಇಲ್ಲದಿರಬಹುದು. ಆದರೆ ನಮ್ಮ ಹಳ್ಳಿಗೆ ಸಂಜೆಯ ಬಸ್ಸಿನಲ್ಲಿ ಬಂದಿಳಿದ ಅಪರಿಚಿತನಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಯುವುದು ಎಲ್ಲ ಗೃಹಸ್ಥರಿಗೂ ಸಾಧ್ಯ. ಪರಸ್ಥಳದಲ್ಲಿ ನಮಗೆ ಯಾವ ಆದರ ದೊರೆಯಲೆಂದು ಬಯಸುತ್ತೇವೆಯೋ ಅದನ್ನು ನಮ್ಮ ಹೊಸ್ತಿಲಲ್ಲಿ ಮೊದಲು ತೋರೋಣ. ಬಂದವನ ಕುಲವನ್ನು ಕೇಳದೆ ಹಸಿವನ್ನು ಕೇಳೋಣ. ಅಂಥ ಮನೆಗಳು ಊರೂರಿಗೆ ಹತ್ತಾದರೆ, ಯಾವ ವ್ರತಧಾರಿಯೂ ದಾರಿಯಲ್ಲಿ ಹಸಿದು ಮಲಗಬೇಕಾಗಿಲ್ಲ.