ಏಡಿ ಹಿಡಿದವನ ತಪ್ಪೇನು?

ತಿನ್ನೋ ಪದಾರ್ಥದಲ್ಲಿ ವಿಷ ಇದೆ ಅಂತ ಗೊತ್ತಾದರೆ ಮೊದಲು ಯಾರನ್ನು ಕೇಳಬೇಕು? ತಿಂದವನನ್ನೋ, ವಿಷ ಸುರಿದವನನ್ನೋ? ಇದು ಮಠದ ಜಗಲಿಯ ತತ್ವಚರ್ಚೆಯಲ್ಲ, ಗೆಳೆಯರೇ. ಕೇರಿಯ ಒಲೆ ಮುಂದಿನ ಪ್ರಶ್ನೆ.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಅದರ ವಿಷ ಗಾಳಿ ಹಿಡಿದು, ಸಾವಿರ ಕಿಲೋಮೀಟರಿಗೂ ಆಚೆ, ಜರ್ಮನಿಯ ಬವೇರಿಯಾ ಕಾಡಿನ ಮೇಲೆ ಮಳೆಯಾಗಿ ಸುರಿಯಿತು. ಸೀಸಿಯಂ-137 ಅರ್ಧ ಸವೆಯೋಕೇ 30 ವರ್ಷ ಬೇಕು. ಮಣ್ಣೊಳಗಿನ ಅಣಬೆ ಅದನ್ನು ಹೀರಿತು. ಕಾಡುಹಂದಿ ಅಣಬೆಯನ್ನು ಅಗೆದು ತಿಂದಿತು. ಅಲ್ಲಿ ಹಂದಿ ಹೊಡೆದವನು ಮಾಂಸವನ್ನು ಅಳತೆಗೆ ಕೊಡುತ್ತಾನೆ. ಕಿಲೋಗೆ 600 ಬೆಕೆರೆಲ್ ದಾಟಿದರೆ ಮಾರುವಂತಿಲ್ಲ. ಆದ ನಷ್ಟಕ್ಕೆ ಸರ್ಕಾರ ಪರಿಹಾರ ಕೊಡುತ್ತದೆ. 'ನೀನ್ಯಾಕೆ ಹಂದಿ ತಿಂತೀಯ' ಅಂತ ಅವನ ಜಾತಿ ಕೇಳೋರಿಲ್ಲ.

ಈಗ ನಮ್ಮ ನೆಲಕ್ಕೆ ಬನ್ನಿ. 1972ರ ಕಾಯ್ದೆ ಬಂದ ಮೇಲೆ ಕಾಡಿನ ಬೇಟೆ ಅಪರಾಧವಾಯಿತು. ಚಿಕ್ಕರಸಿನಕೆರೆ ಸುತ್ತಿನ ಕೇರಿಗಳಿಗೆ ಉಳಿದ ಬೇಟೆ ಗದ್ದೆಯ ಏಡಿ, ಕಾಲುವೆಯ ಮೀನು. ಮದ್ದೂರು ಸೀಮೆಗೆ ವಿಶ್ವೇಶ್ವರಯ್ಯ ನಾಲೆ ಬಂತು, ಭತ್ತ ಕಬ್ಬು ಬಂದವು, ಹಿಂದೆಯೇ ಔಷಧಿ ಡಬ್ಬವೂ ಬಂತು. ವಿಷಕ್ಕೆ ಔಷಧಿ ಅಂತ ಹೆಸರಿಟ್ಟ ನಾಡು ನಮ್ಮದು! ಡಬ್ಬದ ಮೇಲಿನ ಕೆಂಪು ಗುರುತು ಕಡುವಿಷದ್ದು ಅಂತ ಓದಿ ತಿಳಿದವರು ಡಿಗ್ರಿ ಮಾಡಿದ ನಾವು. ನಮ್ಮಪ್ಪಂದಿರಿಗೆ ಅದು ಬರೀ ಬಣ್ಣ. ಬೆನ್ನಿಗೆ ಟ್ಯಾಂಕು ಕಟ್ಟಿ ಹೊಡೆಯೋನು ಕೂಲಿಯವನು. ಅದೇ ಬದುವಿನ ಬಿಲಕ್ಕೆ ಕೈ ಹಾಕೋಳು ಅವನ ಹೆಂಡತಿ.

ಈ ಪ್ರಶ್ನೆ ನಮ್ಮ ನಾಡಿನಲ್ಲಿ ಹಿಂದೆಯೂ ಎದ್ದಿತ್ತು. 1975ರಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಗದ್ದೆ ಕೂಲಿ ಮಾಡುತ್ತಿದ್ದ ದಲಿತರ ಸೊಂಟ, ಮಂಡಿ ಹಿಡಿದುಕೊಂಡವು. ದುಡಿಯೋ ಜನ ಕೋಲು ಹಿಡಿದರು, ಕೆಲವರು ತೆವಳಿದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ನೋಡಿದರು. ಔಷಧಿ ಬಿದ್ದ ಗದ್ದೆಯ ಏಡಿ, ಮೀನಿನ ಮೇಲೆ ಅನುಮಾನ ಬಿತ್ತು. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಇದು ವಂಶಪಾರಂಪರ್ಯವಾಗಿ ಬರುವ ಮೂಳೆ ಕೀಲಿನ ಕಾಯಿಲೆ ಎಂದಿತು.

ವಿಜ್ಞಾನದ ಈ ಮಾತಿಗೆ ನಮ್ಮ ತಕರಾರಿಲ್ಲ. ಆದರೆ 'ಅವರ ಹುಟ್ಟಲ್ಲೇ ಇದೆ' ಅನ್ನೋ ಮಾತು ನಮ್ಮ ಕಿವಿಗೆ ಹೊಸದೇ? ಕಾರಣ ಬೇರೆ, ಹೊಣೆ ಬೇರೆ. ಕಾಯಿಲೆ ವಂಶದಿಂದ ಬಂದರೂ ಆರೈಕೆಯ ಹೊಣೆ ಸಮಾಜದ್ದೇ. ಹಂದಿಗೋಡಿನ ನೋವು ಏಡಿಯಿಂದ ಬಂದದ್ದಲ್ಲ ಅಂದ ಮಾತ್ರಕ್ಕೆ ಗದ್ದೆಯ ವಿಷ ಅಮೃತವೂ ಆಗಲಿಲ್ಲ. ಅಂದು ಅನುಮಾನಕ್ಕೆ ಸಿಕ್ಕಿದ್ದ ಎಂಡ್ರಿನ್ನನ್ನು 1990ರಲ್ಲಿ ನಮ್ಮ ಸರ್ಕಾರವೇ ನಿಷೇಧಿಸಿತು.

'ಏಡಿ ತಿನ್ಬ್ಯಾಡಿ ಕಣ್ರಯ್ಯಾ' ಅನ್ನೋದು ಸುಲಭ. 'ಮತ್ತೇನ್ ತಿನ್ನಣ ಬುದ್ಧಿ?' ಅಂದರೆ ಉತ್ತರ ಇಲ್ಲ. ತಿನ್ನೋದನ್ನು ಬಿಡು ಅನ್ನುವವನು ಸುರಿಯೋದನ್ನು ನಿಲ್ಲಿಸು ಅಂತ ಯಾಕೆ ಹೇಳುವುದಿಲ್ಲ? ಆ ಗದ್ದೆ ಅವನದು, ಫಸಲು ಅವನದು. ವಿಷ ಮಾತ್ರ ನಮ್ಮ ಪಾಲು.

ಬವೇರಿಯಾದ ಹಂದಿಗೆ ಇರುವ ಅಳತೆ ನಮ್ಮ ಏಡಿಗೂ ಬೇಕು. ನಾವು ಕೇಳುತ್ತಿರುವುದು ಕನಿಕರವನ್ನಲ್ಲ. ಲೆಕ್ಕ ಕೇಳುತ್ತಿದ್ದೇವೆ.